ಒಂಬತ್ತನೇ ಕೋಣೆಯ ಆರು ನಿಮಿಷ

ಬೀದಿ ಬದಿಯ ಪ್ಲೇನ್ ಮರದ ಎಲೆ ಮತ್ತೆ ಒಳಗೆ ಬಂದಿದೆ, ಟ್ರಾಲಿಯ ಚಕ್ರಕ್ಕೆ ಸಿಕ್ಕಿ ಚರ್ ಎನ್ನುತ್ತದೆ, ಅಕ್ಟೋಬರ್ ಮುಗಿಯುತ್ತ ಬಂತು, ಅಲ್ಲಿ ನಮ್ಮೂರು ಶಿರ್ವದಲ್ಲಿ ಈಗ ಕೊಯ್ಲು, ಅಂಗಳಕ್ಕೆ ಸೆಗಣಿ ಸಾರಿಸಿರುತ್ತಾರೆ — ಏಳನೇ ಕೋಣೆಗೆ ಮಾತ್ರೆ, ನಾಲ್ಕು ನಿಮಿಷ, ಎಂಟಕ್ಕೆ ಇನ್ಸುಲಿನ್, ಮೂರು, ಬರೆದುಕೋ ಎಮಿಲ್ಡಾ, ಹನ್ನೊಂದು ಗಂಟೆಗೆ ಸ್ಟೆಫನಿ ಬಂದು ಹಿಂದಿನ ಹಾಳೆಗಳಿಗೆಲ್ಲ ನಿನ್ನ ಸಹಿ ಕೇಳುತ್ತಾಳೆ. ಈ ಪರದೇಶದಲ್ಲಿ ಮ್ಯಾನೇಜರ್ ಆದರೂ ಮಂಗಳೂರಿನವಳೇ, ಸೋಮವಾರ ಡೈರಿ ಹಂಚುವಾಗ ಹೇಳಿದ್ದಳಲ್ಲ, ಏಳು ದಿನ ನಿಮಿಷ ನಿಮಿಷ ಬರೀಬೇಕು ಆಯ್ತಾ, ನಮ್ಮಂಥ ನರ್ಸಿಂಗ್ ಹೋಮ್‌ಗಳ ನಿಮಿಷ ಎಲ್ಲ ಕೂಡಿ ಭಾಗಿಸಿ ನರ್ಸಿನ ಸಂಬಳಕ್ಕೆ ಗುಣಿಸ್ತಾರೆ, ಸರಕಾರ ತಲೆಗಿಷ್ಟು ಅಂತ ಕೊಡುವ ದರ ಅದೇ, ಕಮ್ಮಿ ಬಿದ್ರೆ ನಾವು ಬಾಗಿಲು ಹಾಕೋದೇ ಮತ್ತೆ. ಮದ್ದಿಗೆ ಕಾಲಂ ಇದೆ, ಗಾಯಕ್ಕಿದೆ, ಸೂಜಿಗಿದೆ, ಸುಮ್ಮನೆ ಹತ್ತಿರ ಕೂತದ್ದಕ್ಕೆ ಇಲ್ಲ. ಹಿತ್ತಲಲ್ಲಿ ಡಿಸ್ಟ್ರಿಕ್ಟ್ ಲೈನಿನ ಮೆಟ್ರೊ ರೈಲು ಹೋಯಿತು, ಔಷಧದ ಲೋಟಗಳು ನಡುಗಿದವು. ಒಂಬತ್ತರ ಬಾಗಿಲು ಅರೆ ತೆರೆದಿದೆ, ಪರಪ್ಪ ತೀರಿಹೋಗಿ ಇವತ್ತಿಗೆ ಮೂರು ದಿನ, ಗಾಳಿ ಹಾಸಿಗೆಯ ಪಂಪು ಯಾರೂ ಆರಿಸಿಲ್ಲ, ಬಾಡಿಗೆಯವರೇ ಬಂದು ಒಯ್ಯಬೇಕಂತೆ, ಹಾಸಿಗೆ ಉಬ್ಬುತ್ತದೆ, ಇಳಿಯುತ್ತದೆ, ಬಿಳಿ ಹೊದಿಕೆಯ ಕೆಳಗೆ ಯಾರೋ ಉಸಿರಾಡಿದ ಹಾಗೆ, ನೋಡಬೇಡ, ಮುಂದೆ ತಳ್ಳು. ಪರಪ್ಪನದು ಗದಗದ ದಲಾಲಿ ಅಂಗಡಿಯಲ್ಲಿ ನಲವತ್ತು ವರ್ಷ ಜೋಳ ಅಳೆದ ಕೈ, ಅಂಗೈ ಮೇಲೆ ಮಾಡಿ ಹಾಸಿಗೆಯ ಅಂಚಿಗಿಟ್ಟು, ಎಮಿಲ್ಡವ್ವಾ, ಕುಂದರು, ಅನ್ನುತ್ತಿದ್ದ. ನಾನು ಎದೆಗೆ ಸಿಕ್ಕಿಸಿದ ವಾಚು ನೋಡಿದರೆ ನಗು, ಏನ ಅಳೀತೀಯವ್ವಾ, ಸೇರಿನ ತಲಿ ಬಳದು ಸಪಾಟ ಅಳೀಬ್ಯಾಡ, ಮ್ಯಾಲೆ ಗುಡ್ಡಿ ನಿಲ್ಲಬೇಕು, ಆ ಗುಡ್ಡಿ ಉಣ್ಣಾಂವಂದು, ಮತ್ತ ಮೊದಲನೇದಕ್ಕ ಒಂದು ಅನಬಾರದು, ಲಾಭ ಅನಬೇಕು. ನಮ್ಮ ಅಮ್ಮನೂ ಭತ್ತ ಅಳೆಯುವಾಗ ಹಾಗೇ, ಲಾಭ, ಎರಡು, ಮೂರು ಅಂದೆ. ಹೌದಾ, ಚರ್ಚಿನ ಮಂದೀಗೂ ಲಾಭ ಬೇಕೇನು! ನಕ್ಕು ನಕ್ಕು ಕೆಮ್ಮು ಬಂತು, ನೀರು ಕುಡಿಸಿದೆ, ನೀರಿಗೂ ಕಾಲಂ ಇರಲಿಲ್ಲ. ಗುರುವಾರ ಹತ್ತು ನಲವತ್ತಕ್ಕೆ ಡೆಸ್ಕಿನಲ್ಲಿ ಬರೆಯುತ್ತಿದ್ದೇನೆ, ಒಂಬತ್ತರ ಕರೆಗಂಟೆಯ ಕೆಂಪು ದೀಪ ಹತ್ತುತ್ತದೆ, ಒಂದು ನಿಮಿಷ ಪರಪ್ಪಾ, ಎಂದು ಕೂಗಿದೆ, ಹೇಗೂ ಹೋಗುವವಳೇ ಅಲ್ಲವಾ, ಮೊದಲೇ ಬರೆದಿಟ್ಟೆ, ಕೋಣೆ ಒಂಬತ್ತು, ಆರೈಕೆ, ಆರು ನಿಮಿಷ, ಆಮೇಲೆ ಹಿಂದಿನ ಹಾಳೆಯ ಮೊತ್ತ ತಾಳೆಯಾಗಲಿಲ್ಲ, ಮತ್ತೆ ಕೂಡಿಸಿದೆ, ಮತ್ತೆ, ನಾನು ಹೋಗುವಷ್ಟರಲ್ಲಿ ಉಸಿರು ನಿಂತಿತ್ತು, ಕೈ ಅಂಚಿನಲ್ಲೇ ಇತ್ತು, ಅಂಗೈ ಮೇಲೆ, ಬೆರಳು ಬಿಡಿಸಿ. ಸಂಜೆ ಪರಪ್ಪನ ಮಗಳು ಗುರುದೇವಿ ತನ್ನ ಆಸ್ಪತ್ರೆಯಿಂದ ನೇರ ಬಂದಳು, ಡಾಕ್ಟರು, ದಿನಾ ಸಾವು ನೋಡುವವಳು, ಕೇಳಿದ್ದು ಒಂದೇ, ಕಡೀಗೆ ಯಾರಿದ್ರು ಸಿಸ್ಟರ್, ಅಪ್ಪ ಒಬ್ಬನ ಇದ್ದನೇನು? ಡೈರಿ ಮೇಜಿನ ಮೇಲೆ ತೆರೆದೇ ಇತ್ತು, ಆರು ನಿಮಿಷ, ನನ್ನದೇ ಅಕ್ಷರ, ನಾನಿದ್ದೆ ಅಂದೆ. ನನ್ನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು, ಆ ಹಣೆಯ ಬಿಸಿ ಇನ್ನೂ ಹೋಗಿಲ್ಲ, ಸೋಪು ಹಾಕಿ ತೊಳೆದರೂ. ಆ ಆರು ನಿಮಿಷ ಹೊಡೆದುಹಾಕುತ್ತೇನೆ ಸ್ಟೆಫನಿ, ಅಂದೆ. ಮರ್ಲಾ ನಿಂಗೆ, ತಲೆ ಕೆಟ್ಟಿತಾ, ಬರೆದದ್ದು ಬರೆದಾಯ್ತಲ್ಲ ಮಾರಾಯ್ತಿ, ಹೊಡೆದ್ರೆ ಯಾಕೆ ಅಂತ ಕೇಳ್ತಾರೆ, ಸತ್ತವರೇನು ಬಂದು ತಾಳೆ ನೋಡ್ತಾರಾ? ಶುಕ್ರವಾರ ಹತ್ತು ನಲವತ್ತಕ್ಕೆ ಒಂಬತ್ತರ ದೀಪ ಹತ್ತಿತು, ಶನಿವಾರವೂ, ವೈರು ಹಳೇದು, ಒತ್ತಿ ಆರಿಸು ಅಂದಳು ಸ್ಟೆಫನಿ, ಇವತ್ತು ಆದಿತ್ಯವಾರ, ಚರ್ಚಿನ ಪೂಜೆಯೂ ತಪ್ಪಿತು, ಗುರುದೇವಿ ಅಪ್ಪನ ಕಂಬಳಿ ಒಯ್ಯಲು ಬರುತ್ತಾಳೆ — ಹತ್ತಿತು, ಹತ್ತು ನಲವತ್ತು, ಕೆಂಪು. ಟ್ರಾಲಿಗೆ ಬೀಗ ಹಾಕಿದೆ, ಒಳಗೆ ಹೋದೆ, ಕೂತೆ, ಡೈರಿ ಮಡಿಲಲ್ಲಿ, ಪೆನ್ನಿನ ಮುಚ್ಚಳ ತೆಗೆದಿದೆ, ಕೊಡಬೇಕಾದ್ದು ಕೊಟ್ಟುಬಿಡುವ, ಆರೇ ಆರು ನಿಮಿಷ ಅಲ್ಲವಾ, ಆಮೇಲೆ ಬರೆದದ್ದು ಸುಳ್ಳಾಗುವುದಿಲ್ಲ, ಲಾಭ — ಹಾಸಿಗೆ ಉಬ್ಬಿತು, ಇಳಿಯಿತು — ಎರಡು, ಮೂರು, ಕಿಟಕಿಗೊಂದು ಎಲೆ ಬಡಿಯಿತು, ನಾಲ್ಕು, ಲಿಫ್ಟಿನ ಸದ್ದು, ಕಾರಿಡಾರಿನಲ್ಲಿ ಹೆಜ್ಜೆ, ಐದು, ಬಾಗಿಲಲ್ಲಿ ಗುರುದೇವಿ, ಅಯ್ಯ ಸಿಸ್ಟರ್, ಅವತ್ತೂ ಹಿಂಗ ಇಲ್ಲೇ ಕುಂತಿದ್ರೇನು? ಬಾಯಿ ತೆರೆದಿದ್ದೇನೆ, ಹಾಸಿಗೆ ಉಬ್ಬುತ್ತಿದೆ, ತಲೆಯ ಕಡೆ ಉಬ್ಬಿತು, ಕಾಲ ಕಡೆ ಉಬ್ಬಿತು, ನನ್ನ ಪಕ್ಕದ ಅಂಚಿನಲ್ಲಿ ಅಂಗೈಯಷ್ಟು ಅಗಲ ಮಾತ್ರ ಉಬ್ಬಲಿಲ್ಲ, ಹೊದಿಕೆ ಅಲ್ಲಿ ತಗ್ಗಿದೆ, ನಾಲ್ಕು ಬೆರಳು, ಹೆಬ್ಬೆರಳು, ಇಳಿಯಿತು, ಮತ್ತೆ ಉಬ್ಬಿತು, ಆ ತಗ್ಗು ಅಲ್ಲೇ, ಬೆರಳು ಬಿಡಿಸಿ, ಅಲ್ಲೇ —