ಮರುಭೂಮಿಯಲ್ಲಿ ಸೆರಗಿನ ಮರೆ

ಮರುಭೂಮಿ ಎಂದರೆ ಬಿಸಿಲು ಎಂದು ಊರ್ಮಿಳೆಗೆ ಎಷ್ಟು ನಂಬಿಕೆ ಇತ್ತೆಂದರೆ, ಹೇವರ್ಡಿನ ಅಪಾರ್ಟ್‌ಮೆಂಟಿನಿಂದ ಹೊರಡುವಾಗ ಎರಡು ದೊಡ್ಡ ಹಾಲಿನ ಕ್ಯಾನುಗಳ ತುಂಬ ಮಜ್ಜಿಗೆ ಮಾಡಿಟ್ಟುಕೊಂಡಿದ್ದಳು. ಶುಂಠಿ, ಇಂಗು, ಕೊತ್ತಂಬರಿ ಎಲ್ಲ ಬಿದ್ದಿತ್ತು. ಕರಿಬೇವು ಮಾತ್ರ ಸಿಕ್ಕಿರಲಿಲ್ಲ. ಚೀಲದಲ್ಲಿ ತೆಳು ಹತ್ತಿಯ ಬಟ್ಟೆಗಳು, ಟೋಪಿಗಳು, ಒದ್ದೆ ಮಾಡಿ ತಲೆಗೆ ಹಾಕಿಕೊಳ್ಳಲು ಟವೆಲುಗಳು. ಸ್ವೆಟರು ಒಂದೂ ಇಲ್ಲ. ಗಂಡ ಶ್ರೀಕಂಠನೂ ಬೇಡವೆನ್ನಲಿಲ್ಲ. "ಡೆಸರ್ಟಲ್ಲಿ ಬಾಯಾರಿಕೆ ಗೊತ್ತೇ ಆಗಲ್ವಂತೆ, ಸುಮ್ನೆ ಕುಡೀತಾ ಇರ್ಬೇಕಂತೆ" ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದನ್ನು ದಾರಿಯುದ್ದಕ್ಕೂ ಹೇಳುತ್ತ ಬಂದಿದ್ದ.

ಡೆತ್ ವ್ಯಾಲಿಯಲ್ಲಿ ಕಾರಿನ ಬಾಗಿಲು ತೆರೆದದ್ದೇ ತಡ, ಡಿಸೆಂಬರಿನ ಗಾಳಿ ಒಳಗೆ ನುಗ್ಗಿತು. ಗಂಡ, ಹೆಂಡತಿ, ಪುಟ್ಟ ಮಿನಿ, ಮೂವರ ಹಲ್ಲೂ ಕಟಕಟ ಎಂದವು.

"ಇದೇನ್ರೀ, ಊಟಿ ಥರ ಇದೆ!"

"ಇರು, ಇನ್ನೊಂದು ಗಂಟೇಲಿ ಸುಡುತ್ತೆ ನೋಡು" ಎಂದ ಶ್ರೀಕಂಠ, ಕೈ ಉಜ್ಜಿಕೊಳ್ಳುತ್ತ.

ಮಾಡಿದ ಮಜ್ಜಿಗೆಯನ್ನು ಚೆಲ್ಲುವುದುಂಟೆ? ಎಲ್ಲರೂ ಎರಡೆರಡು ಲೋಟ ಕುಡಿದರು. ಊರ್ಮಿಳೆ ಚಾಚಿದ ಲೋಟವನ್ನು ಮಿನಿ ಮುಟ್ಟಲಿಲ್ಲ. ಶ್ರೀಕಂಠ ಅದನ್ನೇ ತೆಗೆದುಕೊಂಡು ಕೊಟ್ಟಾಗ ಗಟಗಟನೆ ಕುಡಿದಳು.

ಮನೆಯಲ್ಲೂ ಹೀಗೇ. ಮಿನಿ, ಅಂದರೆ ಸೌದಾಮಿನಿ, ಆರು ವರ್ಷದವಳು; ಶ್ರೀಕಂಠನ ಮೊದಲ ಹೆಂಡತಿಯ ಮಗಳು. ಆಕೆ ತೀರಿಕೊಂಡು ಎರಡು ವರ್ಷವಾಗಿತ್ತು. ಮದುವೆಯಾಗಿ ಊರ್ಮಿಳೆ ಬಂದದ್ದು ಈ ಯುಗಾದಿ ಕಳೆದ ಮೇಲೆ. ಮೈಸೂರಿನ ಶಿಶುವಿಹಾರದಲ್ಲಿ ಅದೆಷ್ಟೋ ಮಕ್ಕಳ ಮೂಗು ಒರೆಸಿ, ಅಳು ನಿಲ್ಲಿಸಿ, ತೊಡೆಯ ಮೇಲೆ ಮಲಗಿಸಿಕೊಂಡವಳು ಅವಳು. ಆದರೆ ಈ ಒಂದು ಮಗು ಹತ್ತಿರ ಸುಳಿಯುತ್ತಿರಲಿಲ್ಲ. ಹಟವಿಲ್ಲ, ರಂಪವಿಲ್ಲ. "ನೋ ಥ್ಯಾಂಕ್ಯೂ, ಆಂಟಿ" ಎಂದು ಮರ್ಯಾದೆಯಾಗಿ ಹೇಳಿ ದೂರ ಸರಿಯುತ್ತಿತ್ತು. ತಲೆ ಬಾಚಲೂ ಡ್ಯಾಡಿ, ಶೂ ಲೇಸಿಗೂ ಡ್ಯಾಡಿ.

ಆ ಡ್ಯಾಡಿ ಜನವರಿಯಲ್ಲಿ ಆಫೀಸಿನ ಕೆಲಸಕ್ಕೆಂದು ಬಾಸ್ಟನ್ನಿಗೆ ಹೊರಟಿದ್ದ. ಎರಡು ತಿಂಗಳು ಬರುವಂತಿರಲಿಲ್ಲ. ಫಾಸ್ಟರ್ ಸಿಟಿಯಲ್ಲಿದ್ದ ಮಿನಿಯ ಚಿಕ್ಕಮ್ಮ ಆಶಾಲತಾ, "ಮಗೂನ ನಮ್ಮನೇಲಿ ಬಿಟ್ಬಿಡಿ ಭಾವ, ಶಾಲೇಗೂ ಇಲ್ಲೇ ಸೇರಿಸೋಣ" ಎಂದಿದ್ದಳು. ದಾರಿಯಲ್ಲಿ ಮಿನಿ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಾಗ ಶ್ರೀಕಂಠ ಆ ಮಾತು ತೆಗೆದಿದ್ದ.

"ಟ್ರಿಪ್ಪು ಮುಗಿಸ್ಕೊಂಡು ಹೇಳ್ತೀನಿ ಅಂದಿದೀನಿ. ನಿನ್ನ ಕೈಲಿ ಆಗಲ್ಲ ಅಂತಲ್ಲ, ಊರ್ಮಿಳಾ. ಅವಳು ಹತ್ರಾನೇ ಬರಲ್ವಲ್ಲ."

ಊರ್ಮಿಳೆ "ಹೂಂ" ಎಂದಿದ್ದಳು. ಆ ಮನೆಯಲ್ಲಿ ಆಡಲು ಮಕ್ಕಳಿದ್ದಾರೆ, ಅಕ್ಕನ ಮುಖವನ್ನೇ ಹೊತ್ತ ಚಿಕ್ಕಮ್ಮ ಇದ್ದಾಳೆ. ಒಮ್ಮೆ ಅಲ್ಲಿಗೆ ಹೋದರೆ ಮಿನಿ ತನ್ನ ಬಳಿಗೆ ಬರುವುದು ನೆಂಟರ ಮಗುವಾಗಿಯೇ ಎಂಬುದು ಅವಳಿಗೆ ಗೊತ್ತಿತ್ತು.

ಗೋಲ್ಡನ್ ಕ್ಯಾನ್ಯನ್ನಿನ ಕಾಲುದಾರಿ ಎರಡು ಹಳದಿ ಗೋಡೆಗಳ ನಡುವೆ ಸಾಗುತ್ತದೆ. ಕಡಲೆಹಿಟ್ಟು ಕಲಸಿ ಮೆತ್ತಿದಂಥ ಬೆಟ್ಟಗಳು, ಹೆಸರಿಗೊಂದು ಮರವಿಲ್ಲ. ಶ್ರೀಕಂಠ ಕ್ಯಾಮೆರಾ ಹಿಡಿದು ಮುಂದೆ ಮುಂದೆ ಹೋಗಿ ತಿರುವಿನಲ್ಲಿ ಮರೆಯಾದ. ಸೀರೆಯ ಮೇಲೆ ಕಾರಿನಲ್ಲಿ ಬಿದ್ದಿದ್ದ ಅವನ ಹಳೆಯ ಜಾಕೆಟ್ಟು, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ಊರ್ಮಿಳೆ ನಿಧಾನವಾಗಿ ಹತ್ತುತ್ತಿದ್ದಳು. ಮಿನಿ ಒಂದು ಮಾರು ಆಚೆಗೆ.

ಇದ್ದಕ್ಕಿದ್ದಂತೆ ಮಿನಿ ನಿಂತುಬಿಟ್ಟಳು. ಕಾಲಿಗೆ ಕಾಲು ಹೆಣೆದುಕೊಂಡು, ತುಟಿ ಕಚ್ಚಿ. ಶಿಶುವಿಹಾರದವಳಿಗೆ ಆ ನಿಲುವು ಗೊತ್ತಿಲ್ಲವೆ? ಈ ಚಳಿ, ಅದರ ಮೇಲೆ ಎರಡು ಲೋಟ ಮಜ್ಜಿಗೆ!

"ಡ್ಯಾಡಿನ ಕರೀಲಾ ಪುಟ್ಟ?"

"ನೋ! ಹೀ ಈಸ್ ಎ ಬಾಯ್!"

"ಹಾಗಾದ್ರೆ ಆ ಬಂಡೆ ಹಿಂದೆ ಹೋಗೋಣ್ವಾ?"

ಕೆಳಗಿನಿಂದ ಕೋಲೂರಿಕೊಂಡು ಮುದುಕ ಮುದುಕಿ ಇಬ್ಬರು ಹತ್ತಿ ಬರುತ್ತಿದ್ದರು. ಮಿನಿಯ ಕಣ್ಣು ತುಂಬಿಬಂತು. "ಬಟ್ ದೇರ್ ಈಸ್ ನೋ ಡೋರ್!"

"ಡೋರು ನನ್ನ ಹತ್ರ ಇದೆ, ಬಾ."

ಊರ್ಮಿಳೆ ಚಿಕ್ಕವಳಿದ್ದಾಗ ಧರ್ಮಸ್ಥಳಕ್ಕೆ ಹೋಗುವ ಬಸ್ಸು ದಾರಿಯಲ್ಲಿ ಎಲ್ಲೋ ನಿಲ್ಲುತ್ತಿತ್ತು. ಗುರುತಿದ್ದವರು, ಇಲ್ಲದವರು ಎಲ್ಲ ಹೆಂಗಸರೂ ಇಳಿದು, ಸೆರಗು ಬಿಚ್ಚಿ ಹಿಡಿದು, ಒಬ್ಬರಿಗೊಬ್ಬರು ಮರೆಯಾಗುತ್ತಿದ್ದರು. ಅವಳೂ ಈಗ ಜಾಕೆಟ್ಟಿನೊಳಗಿನಿಂದ ಸೆರಗನ್ನು ಎಳೆದು ಎರಡೂ ಕೈಗಳಲ್ಲಿ ಅಗಲವಾಗಿ ಹಿಡಿದು, ಬಂಡೆಯ ಪಕ್ಕದಲ್ಲಿ ಬೆನ್ನು ತಿರುಗಿಸಿ ನಿಂತಳು.

"ಡೋಂಟ್ ಲುಕ್!"

"ಇಲ್ಲಮ್ಮ. ಬೆಟ್ಟ ನೋಡ್ತಿದೀನಿ."

ಬೆನ್ನ ಹಿಂದೆ ಬಟ್ಟೆಯೊಂದಿಗೆ ಪರದಾಡುವ ಸದ್ದು. ಆಮೇಲೆ ಸಣ್ಣ ದನಿ: "ಆಂಟಿ... ಬಟನ್."

ಚಳಿಗೆ ಮರಗಟ್ಟಿದ ಬೆರಳುಗಳಿಗೆ ಪ್ಯಾಂಟಿನ ಗುಂಡಿ ಬಗ್ಗಿರಲಿಲ್ಲ. ಊರ್ಮಿಳೆ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕುಕ್ಕರಗಾಲಿನಲ್ಲಿ ಕೂತು ಗುಂಡಿ ಬಿಚ್ಚಿದಳು. ಮಗು ಎಲ್ಲಿ ಸರಿದು ಹೋದೀತೋ ಎಂದು ಉಸಿರನ್ನೂ ಮೆಲ್ಲಗೆ ಬಿಟ್ಟಳು. ಮತ್ತೆ ಎದ್ದು ಬೆಟ್ಟ ನೋಡಿದಳು. ದಾರಿಯಲ್ಲಿ ಮುದುಕಿ ಕೋಲೆತ್ತಿ "ಗುಡ್ ಮಾರ್ನಿಂಗ್" ಎಂದರೆ, ಇವಳೂ ಸೆರಗಿನ ಮೇಲಿಂದ "ಗುಡ್ ಮಾರ್ನಿಂಗ್" ಎಂದಳು.

ಎಲ್ಲ ಮುಗಿದು ಗುಂಡಿ ಹಾಕಿಸಿಕೊಂಡ ಮಿನಿ ಅವಳ ಮುಖವನ್ನೇ ನೋಡಿದಳು.

"ಡೂ ಯೂ ಹ್ಯಾವ್ ಟು ಗೋ?"

ಹೋಗಬೇಕಾಗಿತ್ತು. ಕಾರಿನಿಂದ ಇಳಿದಾಗಿನಿಂದಲೂ ಹೋಗಬೇಕಾಗಿತ್ತು. ಊರ್ಮಿಳೆ ನಾಚಿಕೊಂಡು ತಲೆಯಾಡಿಸಿದಳು.

"ಓಕೆ. ಐ ವಿಲ್ ಹೋಲ್ಡ್ ಇಟ್."

ಮಿನಿ ಸೆರಗಿನ ತುದಿ ಹಿಡಿದು, ಬೆನ್ನು ತಿರುಗಿಸಿ, ತುದಿಗಾಲಿನಲ್ಲಿ ನಿಂತು, ಎರಡೂ ಕೈಗಳನ್ನು ಆದಷ್ಟು ಮೇಲೆತ್ತಿ ಚಾಚಿದಳು. ಆ ಬಾಗಿಲು ಊರ್ಮಿಳೆಯ ಅರ್ಧವನ್ನೂ ಮುಚ್ಚಲಿಲ್ಲ. ಗಾಳಿಗೆ ಸೀರೆ ಪಟಪಟ ಬಡಿಯುತ್ತಿದ್ದರೂ ಪುಟ್ಟ ಮುಷ್ಟಿಗಳು ಬಿಡಲಿಲ್ಲ.

ಅಷ್ಟರಲ್ಲಿ ತಿರುವಿನಿಂದ ಶ್ರೀಕಂಠ ಕೂಗುತ್ತ ಇಳಿದು ಬಂದ. "ಎಲ್ಲಿದೀರಾ? ಮಿನಿ!"

"ಡ್ಯಾಡಿ, ಸ್ಟಾಪ್!" ಮಿನಿಯ ದನಿ ಎರಡು ಗೋಡೆಗಳಿಗೂ ಬಡಿದು ಮೊಳಗಿತು. "ಡೋಂಟ್ ಕಮ್! ಟರ್ನ್ ಅರೌಂಡ್! ವೀ ಆರ್ ಬಿಜಿ!"

ಶ್ರೀಕಂಠ ನಿಂತಲ್ಲೇ ಗಿರಕ್ಕನೆ ಬೆನ್ನು ತಿರುಗಿಸಿದ. ಬಂಡೆಯ ಹಿಂದೆ ಕೂತ ಊರ್ಮಿಳೆಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣಲ್ಲಿ ನೀರೂ ಬಂತು.

"ಎಷ್ಟು ಹೊತ್ತು ಹೀಗೇ ನಿಂತಿರ್ಬೇಕು ತಾಯಿ?" ಎಂದ ಅವನು, ಬೆಟ್ಟಕ್ಕೆ ಮುಖ ಮಾಡಿ.

"ಟಿಲ್ ಐ ಸೇ!"

ಇಳಿಯುವಾಗ ಮಿನಿಗೆ ಸೆರಗು ಬಿಡುವುದು ಮರೆತೇ ಹೋಗಿತ್ತು. ಅದನ್ನೇ ಮೈಗೆ ಸುತ್ತಿಕೊಂಡು, ಊರ್ಮಿಳೆಯ ಸೊಂಟಕ್ಕೆ ಒತ್ತಿಕೊಂಡು, ಗಾಳಿಗೆ ಕಣ್ಣು ಕಿರಿದು ಮಾಡಿ ನಡೆಯುತ್ತಿದ್ದಳು. ಶ್ರೀಕಂಠ ಓರೆಗಣ್ಣಿನಲ್ಲಿ ನೋಡಿದ, ಗಂಟಲು ಸರಿಮಾಡಿಕೊಂಡ.

"ಆಶಾಲತಾಗೆ ಫೋನು ಮಾಡ್ಬೇಕಲ್ಲ..."

"ಮಾಡಿ" ಎಂದಳು ಊರ್ಮಿಳೆ. "ನೀವು ಹೊರಟ ಮೇಲೆ ಒಂದು ಭಾನುವಾರ ಮಕ್ಕಳನ್ನ ಕರ್ಕೊಂಡು ನಮ್ಮನೆಗೆ ಊಟಕ್ಕೆ ಬರೋಕೆ ಹೇಳಿ. ಮಿನಿಯೂ ನಾನೂ ಕಾಯ್ತಿರ್ತೀವಿ."