ಎಡ ಭುಜದ ಹೊಲಿಗೆ

ಬಂದೂಕಿಗೆ ಕೂರಿಸುವ ದುರ್ಬೀನುಗಳಲ್ಲಿ ಅಂಗಡಿಯ ಅತಿ ದೊಡ್ಡದನ್ನು ವೆಂಡೆಲ್ ಕಣ್ಣಿಗೆ ಹಚ್ಚಿಕೊಂಡು, ಕಿಟಕಿಯಾಚೆ ಗೋಧಿ ಗೋದಾಮಿನ ಸೂರಿನ ಕಡೆ ತಿರುಗಿಸಿದ.

"ಅಬ್ಬಾ! ಪಾರಿವಾಳದ ಕಣ್ಣುಗುಡ್ಡೆ ಕಾಣ್ತಿದೆ."

"ಪಾರಿವಾಳ ಕೂತಿರತ್ತೆ, ವೆಂಡೆಲ್. ಜಿಂಕೆ ಕೂತಿರಲ್ಲ," ಎಂದಳು ಮಾರ್ಲಿಸ್. ಬಂದೂಕಿನಂಗಡಿಯ ಕಟ್ಟೆಯ ಹಿಂದೆ ಇಪ್ಪತ್ತಾರು ವರ್ಷದಿಂದ ನಿಂತವಳು. ಯಾರ ಭುಜಕ್ಕೆ ಯಾವ ಬಂದೂಕು, ಯಾರ ಕಣ್ಣಿಗೆ ಯಾವ ಗಾಜು ಎಂಬುದು ಅವಳಿಗೆ ಗೊತ್ತಿರುವಷ್ಟು ಮೊಂಟಾನಾದ ಈ ಮೂಲೆಯಲ್ಲಿ ಇನ್ನಾರಿಗೂ ಗೊತ್ತಿಲ್ಲ. ಅದಕ್ಕೇ ವೆಂಡೆಲ್ ಕೂಡ, ನಾಚಿಕೆ ಬಿಟ್ಟು, ಅವಳ ಹತ್ತಿರವೇ ಬಂದಿದ್ದ.

ಹದಿನೆಂಟು ವರ್ಷ ಅರ್ಜಿ ಹಾಕಿದ ಮೇಲೆ ಪೂರ್ವದ ಗುಡ್ಡಗಳ ಬೇಟೆಯ ಪರವಾನಗಿ ಚೀಟಿ ಲಾಟರಿಯಲ್ಲಿ ಅವನ ಹೆಸರಿಗೆ ಬಿದ್ದಿತ್ತು. ಅಲ್ಲಿಯ ಗಂಡು ಜಿಂಕೆಗಳ ಕೊಂಬು ಕುರ್ಚಿಯಷ್ಟು ಅಗಲ. ಆದರೆ ಅವು ನಾನೂರು ಗಜದಾಚೆ ಕುರುಚಲಿನಿಂದ ಎದ್ದು ಓಡುತ್ತವೆ, ಗುಡ್ಡದ ನೆತ್ತಿಯಲ್ಲಿ ಒಮ್ಮೆ ನಿಂತು ಹಿಂದಿರುಗಿ ನೋಡುತ್ತವೆ. ಸಿಗುವುದು ಅದೊಂದು ಗಳಿಗೆ. ಅರವತ್ತಾರು ವಯಸ್ಸಿನ ವೆಂಡೆಲ್‌ಗೆ ಇಂಥ ಚೀಟಿ ಇನ್ನೊಮ್ಮೆ ಸಿಗುವ ಹಾಗಿರಲಿಲ್ಲ.

"ದೊಡ್ಡ ಗಾಜಿನಲ್ಲಿ ಕಾಣೋ ಜಾಗ ಅಂಗೈಯಷ್ಟು," ಎಂದಳು ಮಾರ್ಲಿಸ್. "ಜಿಂಕೆ ಎಲ್ಲಿ ಅಂತ ಹುಡುಕೋದ್ರಲ್ಲಿ ಅದು ಗುಡ್ಡ ಇಳಿದಿರತ್ತೆ. ಈ ಚಿಕ್ಕದು ತಗೋ. ನಾಲ್ಕು ಪಟ್ಟು ದೊಡ್ಡದಾಗಿ ಕಾಣೋ ಹಾಗೆ ತಿರುಗಿಸಿಟ್ಕೊ. ಬಂದೂಕು ಎತ್ತಿದ ಕೂಡಲೆ ಜಿಂಕೆ ಗಾಜಿನೊಳಗಿರತ್ತೆ."

ಅಷ್ಟೂ ನಿಜ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅವಳು ನಿಲ್ಲಿಸಲಿಲ್ಲ.

"ವಯಸ್ಸಾದೋರ ಕೈಗೂ ಇದು ಹಗುರ. ಐನಾರ್ ಹತ್ರಾನೂ ಇಂಥದ್ದೇ ಇತ್ತು."

ವೆಂಡೆಲ್ ಚಿಕ್ಕದನ್ನು ಮುಟ್ಟಲೂ ಇಲ್ಲ. "ದೊಡ್ಡದನ್ನೇ ಕೂರಿಸು," ಎಂದ. ಒಲೆಯ ಪಕ್ಕ ಕಾಫಿ ಕುಡಿಯುತ್ತ ಕೂತಿದ್ದ ಮುದುಕ ಥರ್ಮನ್ ಎಲ್ಲವನ್ನೂ ಕೇಳಿಸಿಕೊಂಡ. ಕೇಳಿಸಿಕೊಳ್ಳಲೆಂದೇ ಮಾರ್ಲಿಸ್ ಗಟ್ಟಿಯಾಗಿ ಹೇಳಿದ್ದಳು.

ಐನಾರ್ ಅವಳ ಗಂಡ. ಏಳು ವರ್ಷದ ಹಿಂದೆ, ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿಕೊಂಡೇ, ಟ್ರಕ್ಕಿಗೆ ಒರಗಿ ನಿಂತು ತನ್ನ ಕೊನೆಯ ಜಿಂಕೆಗೆ ಗುಂಡು ಹೊಡೆದಿದ್ದ. ಜಿಂಕೆ ತಗ್ಗಿಗೆ ಇಳಿಯಿತು. ನಡೆಯಲು ಅವನಲ್ಲಿ ಉಸಿರಿರಲಿಲ್ಲ. ಹುಲ್ಲಿನ ಮೇಲಿನ ರಕ್ತದ ಜಾಡು ಹಿಡಿದು ಮಾರ್ಲಿಸ್ ಹೋದಾಗ, ವೆಂಡೆಲ್ ಆಗಲೇ, ಇದು ತನ್ನ ಬೇಟೆಯೆಂದು, ಕೊಂಬಿಗೆ ತನ್ನ ಪರವಾನಗಿ ಚೀಟಿ ಕಟ್ಟಿ, ಅದರ ಮೇಲೆ ಬೂಟುಗಾಲಿಟ್ಟು ನಿಂತಿದ್ದ. ಮೊದಲ ರಕ್ತ ಹರಿಸಿದ ಗುಂಡು ಯಾರದೋ, ಜಿಂಕೆ ಅವನದು. ಇದು ನಮ್ಮ ಕಡೆ ಮಗುವಿಗೂ ಗೊತ್ತು. "ನನ್ನ ಗುಂಡು ಬಿಟ್ರೆ ಬೇರೆ ಗಾಯಾನೇ ಇಲ್ಲ," ಎಂದಿದ್ದ ವೆಂಡೆಲ್. ಜಿಂಕೆಯ ಎಡ ಮಗ್ಗುಲು ನೆಲಕ್ಕಿತ್ತು. ಹೊರಳಿಸು ಎಂದರೆ ಹೊರಳಿಸಲಿಲ್ಲ.

ಆ ಚಳಿಗಾಲವೆಲ್ಲ ಬಾರಿನಲ್ಲಿ ಐನಾರ್‌ಗೆ "ಮೋಡಕ್ಕೆ ಗುಂಡು ಹೊಡೆದೋನು" ಎಂದೇ ಹೆಸರು. ಥರ್ಮನ್ ಇಟ್ಟ ಹೆಸರದು. ಫೆಬ್ರವರಿಯಲ್ಲಿ ಐನಾರ್ ತೀರಿಕೊಂಡ, ಸುಳ್ಳುಗಾರನಾಗಿಯೇ. ಜಿಂಕೆಯ ತಲೆ ಭುಜದ ಸಮೇತ ಬಾರಿನ ಗೋಡೆ ಏರಿತು. ಕೆಳಗೆ ಹಿತ್ತಾಳೆ ಫಲಕದಲ್ಲಿ ವೆಂಡೆಲ್‌ನ ಹೆಸರು. ಅಂದಿನಿಂದ ಮಾರ್ಲಿಸ್ ಆ ಬಾಗಿಲು ತುಳಿದಿರಲಿಲ್ಲ.

ದೊಡ್ಡ ದುರ್ಬೀನನ್ನು ಅವಳು ಕೂದಲೆಳೆಯಷ್ಟೂ ತಪ್ಪಿಲ್ಲದಂತೆ ಕೂರಿಸಿಕೊಟ್ಟಳು. ಕೆಲಸದಲ್ಲಿ ಯಾರೂ ಅವಳ ಕಡೆ ಬೆರಳು ತೋರಿಸುವಂತಿರಲಿಲ್ಲ.

ಬೇಟೆಯ ಐದು ವಾರಗಳ ಕೊನೆಯ ದಿನ, ಭಾನುವಾರ, ಮಧ್ಯಾಹ್ನ ಒಂದು ಗಂಟೆಗೆ ವೆಂಡೆಲ್ ಮತ್ತೆ ಬಂದ. ಗಡ್ಡ ಬೆಳೆದಿತ್ತು. ಬಂದೂಕನ್ನು ಕಟ್ಟೆಯ ಮೇಲಿಟ್ಟ.

"ಮೂರು ಸಲ ಎದ್ದಿತು, ಮಾರ್ಲಿಸ್. ಮೂರು ಸಲಾನೂ ಗಾಜಿನ ತುಂಬ ಬರೀ ಹುಲ್ಲು. ಈಗಲೂ ಅದೇ ತಗ್ಗಲ್ಲಿ ಮಲಗಿದೆ, ನೋಡಿ ಬಂದೆ. ಆ ಚಿಕ್ಕದನ್ನ ಹಾಕ್ಕೊಡು. ಕತ್ತಲಾಗೋಕೆ ಮುಂಚೆ ಹೋಗ್ಬೇಕು."

ಮಾರ್ಲಿಸ್ ದೊಡ್ಡದನ್ನು ಬಿಚ್ಚಿ ಪಕ್ಕಕ್ಕಿಟ್ಟಳು. ಬಂದೂಕು ಕಣ್ಣಿಲ್ಲದೆ ಬೋಳಾಗಿ ಬಿದ್ದಿತ್ತು. ಚಿಕ್ಕದನ್ನು ಕಪಾಟಿನಿಂದ ತೆಗೆದು ಅಂಗೈಯಲ್ಲಿ ಹಿಡಿದಳು, ಕೊಡಲಿಲ್ಲ.

"ಆವತ್ತು ಜಿಂಕೆ ಮೈಮೇಲೆ ಎಷ್ಟು ತೂತಿತ್ತು, ವೆಂಡೆಲ್?"

ವೆಂಡೆಲ್ ಕಿಟಕಿ ನೋಡಿದ. ಹೊರಗೆ ಹಗಲು ಸರಿಯುತ್ತಿತ್ತು.

"ಹಳೇ ಮಾತು ಈಗ್ಯಾಕೆ, ಮಾರಾಯ್ತಿ?"

"ಎಷ್ಟಿತ್ತು?"

"...ಎರಡು."

"ಗಟ್ಟಿಯಾಗಿ ಹೇಳು. ಥರ್ಮನ್‌ಗೆ ಕಿವಿ ಸ್ವಲ್ಪ ಮಂದ."

"ಎರಡಿತ್ತು!" ಎಂದು ಕೂಗಿದ ವೆಂಡೆಲ್. "ಎಡ ಭುಜದ ಹಿಂದೆ ಒಂದು. ಐನಾರ್‌ದು. ನಾನು ನೋಡೋಷ್ಟರಲ್ಲಿ ಅದು ಮೊಣಕಾಲೂರಿತ್ತು. ಗೋಡೆಗೆ ಹಾಕೋಕೆ ತೊಗಲು ತುಂಬೋನು ಈ ತೂತು ಏನ್ಮಾಡ್ಲಿ ಅಂತ ಕೇಳಿದ, ಹೊಲಿದುಬಿಡು ಅಂದೆ. ಸಾಕಾ?"

ಒಲೆಯ ಬಳಿ ಥರ್ಮನ್‌ನ ಲೋಟ ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತಿತು. ಮಾರ್ಲಿಸ್‌ಗೆ ಮೈಯೆಲ್ಲ ಬಿಸಿಯಾಯಿತು. ಸಿಹಿ ಎನಿಸಿತು, ಸುಳ್ಳೇಕೆ. ಏಳು ವರ್ಷ ಹಸಿದವಳಿಗೆ ಒಂದು ತುತ್ತಿನಿಂದ ಹೊಟ್ಟೆ ತುಂಬುತ್ತದೆಯೆ?

"ಸಾಕು. ಕೂತ್ಕೊ, ಹಾಕ್ಕೊಡ್ತೀನಿ," ಎಂದಳು.

ಹಾಕಿಕೊಟ್ಟಳು. ಹಳೆಯ ಅಂಟನ್ನು ಒಂದೊಂದು ಸ್ಕ್ರೂವಿನಿಂದಲೂ ಕೆರೆದಳು. ಬಟ್ಟೆಯಲ್ಲಿ ಒರೆಸಿದಳು. ದುರ್ಬೀನನ್ನು ಹಿಡಿದಿಡುವ ಬಳೆಗಳನ್ನು ಅಳೆದಳು, ಮತ್ತೆ ಅಳೆದಳು. ಸ್ಕ್ರೂ ಸಡಿಲಾಗದಂತೆ ನೀಲಿ ಅಂಟು ಹಚ್ಚಿ, ಒಣಗಲು ಬಿಟ್ಟಳು. ಎರಡಾಯಿತು. ಎರಡೂವರೆಯಾಯಿತು.

"ಅಂಟು ಬೇಡ, ಹಾಗೇ ಬಿಗಿದುಕೊಡು," ಎಂದ ವೆಂಡೆಲ್.

"ಅಲ್ಲಾಡತ್ತೆ."

"ಗುರಿ ನಾನೇ ನೋಡ್ಕೋತೀನಿ, ಕೊಡು!"

"ಗುರಿ ಸರಿಮಾಡದೆ ಕೊಟ್ರೆ ಪ್ರಾಣಿಗೆ ಬರೀ ಗಾಯ ಆಗತ್ತೆ. ಗಾಯದ ಜಿಂಕೆ ನಿನ್ನ ಕೈಗೆ ಸಿಗೋದ್ರೊಳಗೆ ಬೇರೆ ಯಾರೋ ಚೀಟಿ ಕಟ್ಟಿರ್ತಾರೆ."

ವೆಂಡೆಲ್‌ನ ಮುಖ ಕೆಂಪಾಯಿತು. "ನೀನು ಬೇಕಂತಲೇ ಮಾಡ್ತಿದೀಯ."

"ಹೌದು," ಎಂದಳು ಮಾರ್ಲಿಸ್, ತಲೆ ಎತ್ತದೆ. "ಬೇಕಂತಲೇ ಸರಿಯಾಗಿ ಮಾಡ್ತಿದೀನಿ."

ಊರಾಚೆಯ ಬಯಲಿನಲ್ಲಿ ಮೂರು ಗುಂಡು ಹೊಡೆಸಿ ಗುರಿ ಕೂಡಿಸಿದಳು. ಮೂರೂ ಒಂದು ನಾಣ್ಯದಡಿ ಮುಚ್ಚುವಷ್ಟು ಹತ್ತಿರ ಬಿದ್ದವು. ಅಂಥ ಬಂದೂಕು ವೆಂಡೆಲ್‌ನ ಕೈಗೆ ಹಿಂದೆಂದೂ ಬಂದಿರಲಿಲ್ಲ. ಅಂಗಡಿಗೆ ಮರಳಿ, ಅದನ್ನು ಹಿಡಿದು ಅವನು ಟ್ರಕ್ಕಿನ ಕಡೆ ನಡೆದಾಗ ಸೂರ್ಯ ಗೋದಾಮಿನ ಹಿಂದೆ ಇಳಿಯುತ್ತಿದ್ದ. ಗುಡ್ಡಕ್ಕೆ ಮುಕ್ಕಾಲು ಗಂಟೆಯ ದಾರಿ. ವೆಂಡೆಲ್ ಟ್ರಕ್ಕು ಹತ್ತಿ ಕೂತ, ಚಾಲೂ ಮಾಡಲಿಲ್ಲ.

ಮಾರ್ಲಿಸ್ ಏಪ್ರನ್ನು ಬಿಚ್ಚದೆ, ಕೈಯಲ್ಲಿದ್ದ ಸಣ್ಣ ಸ್ಕ್ರೂಡ್ರೈವರ್ ಸಮೇತ ಬಾರಿಗೆ ನಡೆದಳು. ಥರ್ಮನ್ ಅವಳಿಗಿಂತ ಮೊದಲೇ ತಲುಪಿ ಸುದ್ದಿ ಬಿತ್ತಿದ್ದ. ಬೇಟೆ ಮುಗಿಸಿ ಬಂದವರಿಂದ ಬಾರು ತುಂಬಿತ್ತು. ಬಾರಿನ ಹೆಂಗಸು ತಾನಾಗಿ ಒಂದು ಸ್ಟೂಲು ತಂದಿಟ್ಟಳು.

ಎರಡೇ ಸ್ಕ್ರೂ. ಹಿತ್ತಾಳೆ ಫಲಕ ಏಪ್ರನ್ನಿನ ಜೇಬಿಗೆ ಬಿತ್ತು. ಆಮೇಲೆ ಅವಳು ಜಿಂಕೆಯ ಎಡ ಭುಜದ ಹಿಂದಿನ ಕೂದಲನ್ನು, ಮಗುವಿನ ತಲೆ ನೋಡುವ ಹಾಗೆ, ಹೆಬ್ಬೆರಳಿನಿಂದ ಬಿಡಿಸುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು. ಐದು ಹೊಲಿಗೆ, ಗಟ್ಟಿ ದಾರ. ಸ್ಟೂಲು ಹತ್ತಿದರೆ ಕೈಯೆಟಕುವ ಎತ್ತರದಲ್ಲಿ, ಏಳು ವರ್ಷ ಎಲ್ಲರ ಕಣ್ಣೆದುರಿಗೇ ಇತ್ತು.

"ಇಳಿಸಿಕೊಡ್ಲಾ? ಮನೆಗೆ ತಗೊಂಡು ಹೋಗು," ಎಂದಳು ಬಾರಿನವಳು ಮೆಲ್ಲಗೆ.

"ಬೇಡ. ಇಲ್ಲೇ ಇರಲಿ." ಮಾರ್ಲಿಸ್ ಸ್ಟೂಲಿನಿಂದ ಇಳಿದು, ಅದನ್ನು ಕಾಲಿನಿಂದ ಜನರ ಕಡೆ ಸರಿಸಿದಳು. "ಬನ್ನಿ. ನಕ್ಕೋರೆಲ್ಲ ಒಬ್ಬೊಬ್ಬರಾಗಿ ಬಂದು ಮುಟ್ಟಿ ನೋಡಿ."

ಮೊದಲಿಗೆ ಥರ್ಮನ್ ಎದ್ದು, ಟೋಪಿ ತೆಗೆದು ಮೇಜಿನ ಮೇಲಿಟ್ಟು, ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಸ್ಟೂಲಿನ ಕಡೆ ನಡೆದ.