ಎರಡನೆಯ ಬ್ಯಾಟರಿ

“ಏನಾದರೂ ಒಂದು ಹೇಳಿ” ಎಂದು ಹೆಂಡತಿ ಕೇಳಿದಾಗ ಅವನು ಟೀವಿಯ ಹಿಂದೆ ತಲೆ ತೂರಿಸಿಕೊಂಡಿದ್ದ. ಆ ಭಂಗಿಯಲ್ಲಿರುವವನಿಂದ ಯಾರೂ ಉತ್ತರವನ್ನು ನಿರೀಕ್ಷಿಸುವುದಿಲ್ಲವೆಂಬುದನ್ನು ಅವನು ಅನುಭವದಿಂದ ಅರಿತಿದ್ದ.

“ತಡಿ, ಪ್ಲಗ್ಗು ಸಡಿಲ ಆಗಿದೆ.”

ಪ್ಲಗ್ಗು ಸಡಿಲವಾಗಿರಲಿಲ್ಲ.

ಅವಳು ಮಡಚುವ ಮೇಜಿನ ಮೇಲೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಗ್ರಂಥಾಲಯದಲ್ಲಿ ಅವಳಿಗೆ ಕೆಲಸ. ದೂರದ ಇನ್ನೊಂದು ಊರಿನ ಗ್ರಂಥಾಲಯಕ್ಕೆ ಮುಖ್ಯಸ್ಥೆಯಾಗಿ ಬರುವಿರಾ ಎಂದು ಕರೆ ಬಂದಿತ್ತು. ಬರುತ್ತೇನೆಂದೋ ಇಲ್ಲವೆಂದೋ ಇಂದು ಸಂಜೆಯೊಳಗೆ ಫೋನಿನಲ್ಲಿ ತಿಳಿಸಬೇಕು. ಅವಳು ಕೇಳುತ್ತಿದ್ದುದು ಅಪ್ಪಣೆಯನ್ನಲ್ಲ. ಹೋಗು ಎಂದರೂ ಆದೀತು, ಬೇಡ ಎಂದರೂ ಆದೀತು. ಗಂಡನ ಬಾಯಿಂದ ಒಂದು ಶಬ್ದ ಹೊರಡಬೇಕಿತ್ತು. ಮನೆಯಲ್ಲಿ ಮಾತು ಹುಟ್ಟುವುದಿಲ್ಲವೆಂದೇ ಅವಳು ಈ ಕೆರೆಯ ದಂಡೆಗೆ ಬರೋಣವೆಂದದ್ದು. ಇಲ್ಲಿ ಹುಟ್ಟಿಬಿಟ್ಟೀತೆಂದೇ ಅವನು ಟೀವಿಯನ್ನು ಜೊತೆಗೆ ತಂದದ್ದು.

ಅವನು ಭೌತಶಾಸ್ತ್ರದ ಅಧ್ಯಾಪಕ. ಮಂಚ, ಒಲೆ, ಕಪಾಟುಗಳೆಲ್ಲ ಒಳಗೇ ಇರುವ ಈ ಹಳೆಯ ಕ್ಯಾಂಪರ್ ವ್ಯಾನನ್ನು ಕೊಂಡಾಗ ಸಹೋದ್ಯೋಗಿಗಳ ಮುಂದೆ ಸ್ವಾತಂತ್ರ್ಯವೆಂಬ ಪದವನ್ನು ಬಳಸಿದ್ದ. ವ್ಯಾನಿಗೆ ಎರಡು ಬ್ಯಾಟರಿ. ಮುಂದಿನದು ಇಂಜಿನ್ನನ್ನು ಎಬ್ಬಿಸಲು; ಹಿಂದಿನದು ದೀಪಕ್ಕೆ, ಫ್ಯಾನಿಗೆ, ಈಗ ಟೀವಿಗೆ. ಎರಡನ್ನೂ ಬೇರೆಬೇರೆಯಾಗಿಡಲು ನಡುವೆ ಒಂದು ಕೆಂಪು ಸ್ವಿಚ್ಚು. ಅದನ್ನು ಮುಟ್ಟಕೂಡದೆಂದು ಹೆಂಡತಿಗೆ ಅವನೇ ತಾಕೀತು ಮಾಡಿದ್ದ.

“ಆ ಇನ್ವರ್ಟರು ರಾತ್ರಿಯೆಲ್ಲ ಗುಂಯ್ ಅಂತಿತ್ತು. ಟೀವಿ ಆರಿಸಿದ್ರಲ್ಲ?”

“ಅದು ಚಾಲೂ ಇರೋಕೇ ಸ್ವಲ್ಪ ಕರೆಂಟು ತಿನ್ನುತ್ತೆ.”

“ಏನೂ ಕೆಲಸ ಮಾಡ್ದೆ?”

“ಏನೂ ಮಾಡ್ದೆ.”

ಅವಳು ಅವನನ್ನೇ ನೋಡಿದಳು. ಟೀವಿಗೆ ಬೇಕಾದ ವಿದ್ಯುತ್ತನ್ನೆಲ್ಲ ಲೆಕ್ಕ ಹಾಕಿದ್ದವನು ಇನ್ವರ್ಟರಿನ ಈ ಸ್ವಂತ ಹಸಿವನ್ನು ಮಾತ್ರ ಮರೆತಿದ್ದ. ವಿದ್ಯಾರ್ಥಿಯಾಗಿದ್ದರೆ ಅಂಕ ಕಳೆಯುತ್ತಿದ್ದ. ಆದ್ದರಿಂದ ಪಾಠ ಹೇಳತೊಡಗಿದ. “ಬ್ಯಾಟರೀಲಿ ಕರೆಂಟು ಒಂದೇ ದಿಕ್ಕಿಗೆ ಹರಿಯುತ್ತೆ. ಟೀವಿಗೆ ಬೇಕಾದ್ದು ಹೋಗಿ ಬರೋ ಕರೆಂಟು. ಅದನ್ನ ಹಾಗೆ ಬದಲಾಯಿಸೋದೇ ಇದರ ಕೆಲಸ.”

“ಹಾಗಾದ್ರೆ ಮನೇಲೂ ಒಂದು ಇಡಬೇಕಿತ್ತು. ನನ್ನ ಮಾತು ಹೋಗುತ್ತೆ, ವಾಪಸ್ ಏನೂ ಬರಲ್ಲ.”

ಅವನು ನಕ್ಕ. ನಕ್ಕರೆ ಉತ್ತರಿಸುವ ಪ್ರಮೇಯವಿರುವುದಿಲ್ಲ.

ಮಧ್ಯಾಹ್ನ ದೇವರೇ ಕಳಿಸಿದಂತೆ ಪಕ್ಕದ ನೀಲಿ ವ್ಯಾನಿನ ದಂಪತಿಗಳು ಬಾಗಿಲಲ್ಲಿ ನಿಂತರು. ಗಂಡನಿಗೆ ಹೇರಳವಾದ ಮೀಸೆ. ಹೆಂಡತಿಯ ಕೈಯಲ್ಲಿ ಕಡಲೆಕಾಯಿಯ ಪೊಟ್ಟಣ.

“ಸರ್, ಫುಟ್‌ಬಾಲ್ ಫೈನಲ್ ಬರುತ್ತಾ ನಿಮ್ಮಲ್ಲಿ? ನಮ್ಮ ಗಾಡೀಲಿ ಇರೋದು ಒಂದೇ ಚಾನೆಲ್ಲು, ಇವಳದು.”

“ಅದಕ್ಕೆ ರಿಮೋಟ್ ಇಲ್ಲ ಅಂತ ಇವರ ಕೊರಗು” ಎಂದಳಾಕೆ.

“ಬನ್ನಿ, ಬನ್ನಿ” ಎಂದು ಅವನು ಮದುವೆಮನೆಯ ಯಜಮಾನನಂತೆ ಸಡಗರಿಸಿದ. ಇದ್ದ ಮಡಚುಕುರ್ಚಿಗಳನ್ನೆಲ್ಲ ಬಿಡಿಸಿದ. ಜನರ ಮುಂದೆ ಸಂಸಾರದ ವಿಷಯವನ್ನು ಅವಳು ಎತ್ತುವವಳಲ್ಲ. ಇಷ್ಟು ನಿರಾಳವಾಗಿ ಅವನು ಬಹಳ ದಿನಗಳಿಂದ ಕುಳಿತಿರಲಿಲ್ಲ.

ಪಂದ್ಯದ ಎರಡನೆಯ ಭಾಗ ಮೊದಲಾದ ಸ್ವಲ್ಪ ಹೊತ್ತಿಗೆ ಇನ್ವರ್ಟರು ಬೀಪ್ ಬೀಪ್ ಎಂದು ಕೂಗತೊಡಗಿತು.

“ಏನ್ಸಾರ್ ಅದು?”

“ಏನಿಲ್ಲ. ಎಚ್ಚರಿಕೆ.”

“ಎಚ್ಚರಿಕೆ ಅಂದ್ರೆ ಏನಿಲ್ಲ ಅಂತಾನಾ!” ಮೀಸೆಯವನು ಹೊಟ್ಟೆ ಹಿಡಿದುಕೊಂಡು ನಕ್ಕ.

ಅಧ್ಯಾಪಕ ಎದ್ದು ಹೋಗಿ ಕೆಂಪು ಸ್ವಿಚ್ಚನ್ನು ತಿರುಗಿಸಿ ಎರಡು ಬ್ಯಾಟರಿಗಳನ್ನೂ ಜೋಡಿಸಿದ. ಕೂಗು ಅಡಗಿತು. ಇಂಜಿನ್ನಿಗೆಂದು ಉಳಿಸಿದ್ದನ್ನು ಇನ್ನು ಟೀವಿಯೂ ಉಣ್ಣುವುದೆಂದು ಅವನಷ್ಟು ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

“ಅದನ್ನ ಮುಟ್ಟಬಾರ್ದು ಅಂದಿದ್ರಿ” ಎಂದಳು ಹೆಂಡತಿ.

“ಬಂದವರಿದ್ದಾರೆ.”

ಅವಳು ಕಿಟಕಿಯಾಚೆ ನೋಡಿದಳು. ಕೆರೆಯ ನೀರು ಬಣ್ಣ ಬದಲಿಸುತ್ತಿತ್ತು. ಅವನ ಕಿವಿಯ ಬಳಿ ಬಾಗಿ, “ಸಂಜೆ ಆಯ್ತು ರೀ” ಎಂದಳು.

“ಪೆನಾಲ್ಟಿ ಕಣೆ ಈಗ!”

ಇನ್ವರ್ಟರು ಮತ್ತೆ ಕೂಗಿದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಆಟಗಾರ ಚೆಂಡನ್ನಿಟ್ಟು ಹಿಂದೆ ಸರಿದ, ಓಡಿಬಂದ; ಅವನ ಕಾಲು ಚೆಂಡಿಗೆ ತಾಕುವ ಮೊದಲೇ ಪರದೆ ಕಪ್ಪಾಯಿತು.

ಸ್ವಲ್ಪ ಹೊತ್ತು ನಾಲ್ವರೂ ಕಪ್ಪು ಪರದೆಯನ್ನೇ ನೋಡುತ್ತಿದ್ದರು.

“ಗೋಲ್ ಅಂತಲೇ ಇಟ್ಕೊಳ್ಳೋಣ ಬಿಡಿ” ಎಂದು ಮೀಸೆಯವನು ಕಡಲೆಸಿಪ್ಪೆ ಕೊಡವಿಕೊಂಡು ಎದ್ದ. “ನಾವಿನ್ನು ಹೊರಡ್ತೀವಿ. ಕತ್ತಲಾಗೋ ಮುಂಚೆ ಪೇಟೆ ಸೇರ್ಬೇಕು.”

ಇಂಜಿನ್ನು ಓಡಿದರೆ ಬ್ಯಾಟರಿ ತುಂಬೀತೆಂದು ಅಧ್ಯಾಪಕ ಮುಂದೆ ಹೋಗಿ ತನ್ನ ವ್ಯಾನಿನ ಚಾಲಕನ ಆಸನದಲ್ಲಿ ಕುಳಿತು ಕೀಲಿ ತಿರುಗಿಸಿದ. ಟಿಕ್. ಇನ್ನೊಮ್ಮೆ ತಿರುಗಿಸಿದ. ಟಿಕ್. ಹೊರಗಿನಿಂದ ಮೀಸೆಯವನ ಮುಖ ಕಿಟಕಿಯಲ್ಲಿ ಮೂಡಿತು.

“ನಮ್ಮ ಬ್ಯಾಟರಿಯಿಂದ ವೈರು ಕೊಟ್ಟು ಎಬ್ಬಿಸೋಣ್ವಾ ಸರ್?”

“ಬೇಡ.”

ಶಬ್ದವು ತಡವರಿಸದೆ, ತರಗತಿಯ ಕೊನೆಯ ಬೆಂಚಿಗೂ ಕೇಳುವಷ್ಟು ಸ್ಪಷ್ಟವಾಗಿ ಹೊರಬಿತ್ತು. “ಬೇಡ, ಬೇಡ. ಸ್ವಲ್ಪ ಹೊತ್ತು ಬಿಟ್ರೆ ತಾನೇ ಸರಿಹೋಗುತ್ತೆ.”

ಹೆಂಡತಿ ಹಿಂದೆ ನಿಂತಿದ್ದಳು.

“ಬರುತ್ತೆ ನಿಮಗೆ ಆ ಮಾತು” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬಹುಕಾಲ ಹುಡುಕಿದ ಪುಸ್ತಕ ಬೇರೆ ಯಾವುದೋ ಕಪಾಟಿನಲ್ಲಿ ಕಣ್ಣಿಗೆ ಬಿದ್ದಾಗಿನ ನೆಮ್ಮದಿಯಿತ್ತು.

ಅವಳು ಕೈಚೀಲಕ್ಕೆ ಎರಡು ಸೀರೆ, ಕನ್ನಡಕದ ಡಬ್ಬಿ, ಬಾಚಣಿಗೆಗಳನ್ನು ಹಾಕಿಕೊಂಡು ಕೆಳಗಿಳಿದಳು.

“ಅಕ್ಕಾ, ಪೇಟೆವರೆಗೆ ಜಾಗ ಇದೆಯಾ? ಅಲ್ಲಿಂದ ಬಸ್ಸು ಹಿಡೀತೀನಿ. ಒಂದು ಫೋನೂ ಮಾಡೋದಿದೆ, ಬರ್ತೀನಿ ಅಂತ ಹೇಳಬೇಕು.”

“ಬಾಮ್ಮ ತಾಯಿ, ನನ್ನ ಚಾನೆಲ್ಲು ಕೇಳೋರು ಬೇಕಿತ್ತು.”

ಅವಳು ತಿರುಗಿ, “ಮೆಕ್ಯಾನಿಕ್ಕಿಗೆ ಹೇಳಿ ಕಳಿಸ್ತೀನಿ” ಎಂದಳು. ನಿಂತಳು. ಅವನು ಏನನ್ನೋ ಹೇಳಲೇಬೇಕಿತ್ತು. ಹೇಳಿದ.

“ಛತ್ರಿ ತಗೊಂಡ್ಯಾ?”

ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಅವಳು ತಲೆಯಾಡಿಸಿ ನಡೆದಳು.

ಅವನು ಹಿಂದಕ್ಕೆ ಬಂದು ತನ್ನ ಕುರ್ಚಿಯಲ್ಲಿ ಕುಳಿತ. ಎದುರಿಗೆ ಟೀವಿಯ ಕಪ್ಪು ಗಾಜು. ಅದರೊಳಗೆ, ಅವನ ಬೆನ್ನ ಹಿಂದೆ ತೆರೆದಿದ್ದ ಬಾಗಿಲು ಒಂದು ಪುಟ್ಟ ಬೆಳಕಿನ ಚೌಕವಾಗಿ ಬಿದ್ದಿತ್ತು. ಚೌಕದಲ್ಲಿ ಕೆರೆ, ನೀಲಿ ವ್ಯಾನು, ಬೆರಳುದ್ದದ ಒಬ್ಬ ಹೆಂಗಸು. ಕತ್ತು ಹೊರಳಿಸಿದ್ದರೆ ಎಲ್ಲವೂ ಅದರದರ ಗಾತ್ರದಲ್ಲೇ ಕಾಣುತ್ತಿತ್ತು. ಹೆಂಗಸು ಮೆಟ್ಟಿಲಿಗೆ ಕಾಲಿಟ್ಟಳು. ಒಳಗಿನಿಂದ ಯಾರೋ ಕೈ ಚಾಚಿದರು. ಮೇಲೆ ಹತ್ತುವ ಮೊದಲು ಅವಳು ಒಮ್ಮೆ ಇತ್ತ ನೋಡಿದಂತಿತ್ತು. ಅಷ್ಟರಲ್ಲಿ ಅವನದೇ ತಲೆಯ ನೆರಳು ಗಾಜಿನ ಮೇಲೆ ಅಡ್ಡಬಂದಿತು.

ಚಿತ್ರ ಚೆನ್ನಾಗಿ ಕಾಣಲೆಂದು ಅವನು ಕುರ್ಚಿಯನ್ನು ತುಸು ಪಕ್ಕಕ್ಕೆ ಸರಿಸಿಕೊಂಡ.